ನಡುವಿನ ಪುಟ್ಟ ಸೀಟು

ಒಂಟಿಕೊಪ್ಪಲ್, ಮೈಸೂರು
೧೨ ನವೆಂಬರ್ ೨೦೦೯, ಗುರುವಾರ

ಪ್ರೀತಿಯ ಮಗಳು ರಕ್ಷಿತಾಳಿಗೆ,

ನಿನ್ನ ಮಾವ ಸದಾಶಿವಯ್ಯ ಮಾಡುವ ಆಶೀರ್ವಾದ. ನೀನು, ಮಗು ಧನು, ನಿನ್ನ ತಂದೆ ತಾಯಿ ಎಲ್ಲರೂ ಆರೋಗ್ಯವಾಗಿದ್ದೀರಿ ತಾನೆ? ಕೊಳ್ಳೇಗಾಲದ ಕಡೆ ಮೋಡ ಹಾಕಿಕೊಂಡೇ ಇದೆಯಂತೆ. ಧನುವಿಗೆ ಕೆಮ್ಮು ಎಂದು ಭಾನುವಾರ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ನಿಮ್ಮತ್ತೆ ಸರ್ವಮಂಗಳಾ ನನ್ನ ಪ್ರಾಣ ತಿಂದಿದ್ದಾಳೆ. ದೊಡ್ಡಪತ್ರೆ ಎಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಬೇಕಂತೆ. ತಲೆಗೆ ನೀರು ಹಾಕಬಾರದಂತೆ. ಕಂಡಾಗೆಲ್ಲ ಐಸ್‌ಕ್ಯಾಂಡಿ ಕೊಡಿಸುವ ನಿನ್ನ ತಮ್ಮನನ್ನು ಕಂಬಕ್ಕೆ ಕಟ್ಟಿಹಾಕಬೇಕಂತೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ನನ್ನ ಮಂಡಿನೋವು ಹಾಗೇ ಇದೆ, ಅವಳ ಬಿ.ಪಿ. ಹಾಗೇ ಇದೆ, ಅವಳ ಬಾಯಿಯೂ ಹಾಗೇ ಇದೆ. ಒಟ್ಟಿನಲ್ಲಿ ಕ್ಷೇಮ ಎಂದು ತಿಳಿದುಕೊ. ಮಗ ಶಿವು ಹೋದ ಮೇಲೆ ಈ ಕ್ಷೇಮ ಅನ್ನುವ ಮಾತು ಬರೆಯುವಾಗೆಲ್ಲ ಪೆನ್ನು ತಡೆಯುತ್ತೆ ಕಣಮ್ಮ, ಆದರೂ ಬರೆಯಬೇಕಲ್ಲ.

ಸೋಮವಾರ ನಿನ್ನ ತಂದೆ ಚನ್ನಬಸವಯ್ಯನವರು ಬಂದಿದ್ದರು. ಅವರು ಊರಿಗೆ ಹೋಗಿ ನಿನಗೆ ಏನು ಹೇಳಿದರೋ ಗೊತ್ತಿಲ್ಲ, ಇಲ್ಲಿ ನಡೆದದ್ದು ಇಷ್ಟು. ಕುರ್ಚಿಯ ತುದಿಯಲ್ಲಿ ಕೂತರು. ಮುಂದಿಟ್ಟ ಉಪ್ಪಿಟ್ಟು ಮುಟ್ಟಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಕೊನೆಗೆ, "ಬೀಗ್ರೇ, ಗುಂಡ್ಲುಪೇಟೇಲಿ ಒಂದು ಸಂಬಂಧ ಬಂದದೆ. ಮಹದೇವಪ್ರಸಾದ್ ಅಂತ, ಲೈನ್‌ಮನ್ನು. ಮೊದಲ್ನೆ ಹೆಂಡ್ತಿ ಹೆರಿಗೇಲಿ ಹೋಗ್ಬುಟ್ರಂತೆ. ರಕ್ಷಿತಾ ಮಗೂನ ಬುಟ್ಟು ಎಲ್ಲಿಗೂ ಹೋಗಲ್ಲ ಅಂತಾಳೆ. ನೀವು ಏನಂತೀರೋ ಅದು" ಎಂದರು. ನಮ್ಮ ಜನದಲ್ಲಿ ಮರುಮದುವೆ ಹೊಸದೇನಲ್ಲ, ಅದಕ್ಕೆ ನಾನು ಅಡ್ಡ ಬರುವವನೂ ಅಲ್ಲ. ಆದರೆ ಹುಡುಗಿ ಮರುಮದುವೆಯಾದರೆ ಮಗು ತಂದೆಯ ಮನೆಯಲ್ಲೇ ಉಳಿಯಬೇಕು ಅನ್ನುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಆ ಪದ್ಧತಿ ಹಿಡಿದರೆ ನೀನು ಮದುವೆ ಬೇಡ ಅನ್ನುತ್ತೀಯ. ಬಿಟ್ಟರೆ ನಮ್ಮ ಮನೆಯಲ್ಲಿ ಶಿವುವಿನದು ಅಂತ ಉಳಿಯುವುದು ಗೋಡೆಯ ಮೇಲಿನ ಫೋಟೋ ಒಂದೇ. ಉತ್ತರವನ್ನು ಕಾಗದದಲ್ಲಿ ತಿಳಿಸುತ್ತೇನೆ ಎಂದು ಅವರನ್ನು ಕಳಿಸಿದೆ. ಫೋನಿನಲ್ಲಿ ಹೇಳೋಣ ಎಂದರೆ ನನಗೆ ಮಾತು ಕಟ್ಟಿಕೊಳ್ಳುತ್ತೆ, ನಿಮ್ಮತ್ತೆ ರಿಸೀವರ್ ಕಿತ್ತುಕೊಳ್ಳುತ್ತಾಳೆ. ನೀನು ಆ ಉತ್ತರಕ್ಕೇ ಕಾಯುತ್ತಿದ್ದೀಯ ಎಂದು ಗೊತ್ತು. ಬರೆಯುತ್ತೇನೆ. ಅದಕ್ಕೆ ಮೊದಲು ಗಾಡಿಯ ವಿಷಯ ಹೇಳದಿದ್ದರೆ ನನಗೆ ಬರೆಯಲು ದಾರಿ ಸಿಗುವುದಿಲ್ಲ.

ಅದಕ್ಕೂ ಮೊದಲು ಇನ್ನೊಂದು. ಬೀಗರ ಹತ್ತಿರ ಬಾಯಿ ಬಿಡಬೇಡ. ಮಂಗಳವಾರ ನಾನು ಯಾರಿಗೂ ಹೇಳದೆ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ ಆ ಹುಡುಗನನ್ನು ನೋಡಿಕೊಂಡು ಬಂದೆ. ನಿಮ್ಮತ್ತೆಗೆ ಮಠಕ್ಕೆ ಹೋಗಿ ಬರುತ್ತೇನೆ ಎಂದು ಹೇಳಿದ್ದೆ, ಶಿವ ಶಿವಾ. ಅವನಲ್ಲಿ ಒಂದು ಕೊಂಕು ಸಿಕ್ಕಿದರೆ ಸಾಕು, ಉತ್ತರ ಬರೆಯುವುದು ಸುಲಭವಾಗುತ್ತೆ ಎಂದುಕೊಂಡೇ ಹೋದದ್ದು. ಕರೆಂಟ್ ಆಫೀಸಿನಲ್ಲಿ ವಿಚಾರಿಸಿಕೊಂಡು ಹೋದರೆ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಂಬ ಹತ್ತಿದ್ದ. ಎದುರಿನ ಹೋಟೆಲಿನಲ್ಲಿ ಕಾಫಿಯ ಮೇಲೆ ಕಾಫಿ ಕುಡಿಯುತ್ತ ಕೂತೆ. ಬೀಡಿ ಸೇದುತ್ತಾನೇನೋ, ಬಾಯಲ್ಲಿ ಗುಟ್ಕಾ ಇದೆಯೇನೋ, ಹೋಗಿ ಬರುವ ಹೆಂಗಸರನ್ನು ನೋಡುತ್ತಾನೇನೋ ಎಂದು ಕಣ್ಣು ಕೀಲಿಸಿ ಕಾದೆ. ಊಹೂಂ. ಇಳಿದು ಬಂದ, ಕೈಕಾಲು ತೊಳೆದ, ನೆರಳಲ್ಲಿ ಕೂತು ಡಬ್ಬಿ ಬಿಚ್ಚಿದ. ಒಂದು ಅಗುಳು ಬಿಡದೆ ಉಂಡ. ಆಮೇಲೆ ಡಬ್ಬಿಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನು ಕುಡಿದುಬಿಟ್ಟ! ಹಾಗೆ ಉಣ್ಣಬೇಕು ಕಣೋ, ಅದು ಪ್ರಸಾದ ಎಂದು ಶಿವುವಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಅವನು ಒಂದು ದಿನವೂ ಕೇಳಲಿಲ್ಲ, ತಟ್ಟೆಯಲ್ಲಿ ಕರಿಬೇವಿನ ಗುಡ್ಡೆ ಬಿಟ್ಟೇ ಏಳುತ್ತಿದ್ದ. ಮಠದ ಉಗ್ರಾಣದಲ್ಲಿ ಅಕ್ಕಿ ಬೇಳೆ ಅಳೆದು ಜೀವಮಾನ ಕಳೆದವನು ನಾನು, ಹಾಗೆ ಉಣ್ಣುವವನನ್ನು ಹೇಗೆ ಬೇಡ ಅನ್ನಲಿ? ವಾಪಸು ಬರುವಾಗ ಬಸ್ಸಿನಲ್ಲಿ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ, ಪಕ್ಕದಲ್ಲಿ ಕೂತವರ ಜೊತೆ ಕಿಟಕಿ ಮುಚ್ಚುವ ವಿಷಯಕ್ಕೆ ಜಗಳ ಆಡಿದೆ.

ಈಗ ಗಾಡಿಯ ವಿಷಯ. ಹೋದ ವರ್ಷದ ದಸರೆಯಲ್ಲಿ ಅದು ಮನೆಗೆ ಬಂದ ದಿನ ನೀನು ಕದದ ಹಿಂದೆ ನಿಂತು ನೋಡಿದೆ, ಹೊರಗೆ ಬರಲಿಲ್ಲ. ಬರುವುದಾದರೂ ಹೇಗೆ? ನೀನು ಅಡುಗೆ ಮಾಡುವುದು, ಶಿವು ಆಟೋದಲ್ಲಿ ಹೂಟಗಳ್ಳಿ ಫ್ಯಾಕ್ಟರಿಗಳಿಗೆ ಊಟ ಸಾಗಿಸುವುದು; ದೊಡ್ಡ ಪಾತ್ರೆ ಹಿಡಿಯುವ ಪಿಕಪ್ ಬೇಕು ಎಂದು ಇಬ್ಬರೂ ಹಗಲೂ ರಾತ್ರಿ ಅದನ್ನೇ ಜಪಿಸಿ ಬುಕ್ ಮಾಡಿದ್ದಿರಿ. ಅವನು ಶ್ರಾವಣದಲ್ಲಿ ಕಾಮಾಲೆಯಲ್ಲಿ ಹೋದ, ಗಾಡಿ ದಸರೆಗೆ ಬಂತು. ಬೇಡ ಅಂದುಬಿಡಿ ಎಂದು ಎಲ್ಲರೂ ಹೇಳಿದರು, ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಪಕ್ಕದ ಮನೆಯ ದಿಲೀಪ್ ಟ್ಯಾಕ್ಸಿ ಓಡಿಸುವವನಲ್ಲವೆ, ಅವನನ್ನೇ ಕರೆದುಕೊಂಡು ಹೋಗಿ ನಾನೂ ನಿಮ್ಮತ್ತೆಯೂ ತಂದೆವು. ಹಿನಕಲ್ ಸಿಗ್ನಲ್‌ನಲ್ಲಿ ನಿಲ್ಲಿಸಿದ್ದೇ ತಡ, ಎಂಜಿನ್ ಸದ್ದೇ ಅಡಗಿಹೋಯಿತು. ನನಗೆ ಜೀವ ಬಾಯಿಗೆ ಬಂತು. "ಅಯ್ಯೋ, ಇದೂ ನಿಂತೋಯ್ತಲ್ರೀ" ಎಂದು ನಿಮ್ಮತ್ತೆ ನಡುರಸ್ತೆಯಲ್ಲಿ ಗೋಳೋ ಎಂದು ಅತ್ತಳು. ದಿಲೀಪ್, "ಅಮ್ಮಾವ್ರೇ, ಕೆಟ್ಟಿಲ್ಲ ಕಣಮ್ಮ. ಇದು ಹೊಸ ನಮೂನೆ ಗಾಡಿ. ನಿಂತಾಗ ಡೀಸೆಲ್ ಉಳೀಲಿ ಅಂತ ತಾನೇ ಆಫ್ ಆಯ್ತದೆ, ಕ್ಲಚ್ ತುಳುದ್ರೆ ತಾನೇ ಹೊರಡ್ತದೆ. ಶಿವಣ್ಣ ಇದುನ್ನೇ ಬೇಕು ಅಂತ ಆರಿಸ್ಕಂಡಿದ್ರು" ಎಂದು ತುಳಿದು ತೋರಿಸಿದ. ಹೊರಟಿತು. ಅವಳ ಅಳು ಮಾತ್ರ ಮನೆಯವರೆಗೂ ನಿಲ್ಲಲಿಲ್ಲ.

ಆಮೇಲೆ ಅವಳು ಆ ಡ್ರೈವರ್ ಸೀಟನ್ನು ಏನು ಮಾಡಿದಳು ಎಂದು ನೀನೂ ಒಂದು ವರ್ಷ ನೋಡಿದ್ದೀಯ. ಮಠದಲ್ಲಿ ಹಿರಿಯ ಸ್ವಾಮಿಗಳ ಗದ್ದಿಗೆಗೆ ಹೇಗೆ ನಡೆದುಕೊಳ್ಳುತ್ತಾರೋ ಹಾಗೆ. ಕಂಪನಿಯ ಪ್ಲಾಸ್ಟಿಕ್ ತೆಗೆಯಬಾರದು, ಯಾರೂ ಕೂರಬಾರದು. ಸೋಮವಾರ ಬಂತೆಂದರೆ ಸೀಟಿನ ಮೇಲೆ ವಿಭೂತಿ, ಬಿಲ್ವಪತ್ರೆ, ಒಂದು ಚಿಟಿಕೆ ಕಲ್ಲುಸಕ್ಕರೆ. ವಾರಕ್ಕೊಮ್ಮೆ ಓಡಿಸದಿದ್ದರೆ ಬ್ಯಾಟರಿ ಹಾಳಾಗುತ್ತೆ ಎಂದು ದಿಲೀಪ್ ಬರುತ್ತಿದ್ದ. ಪಾಪ, ಅವನು ಚಪ್ಪಲಿ ಬಿಟ್ಟು, ಕೈಮುಗಿದು, ಟವೆಲ್ ಹಾಸಿ ಅದರ ತುದಿಯಲ್ಲಿ ಕುಕ್ಕರಿಸಿ ಒಂಟಿಕೊಪ್ಪಲ್ ಸುತ್ತಿಸಿಕೊಂಡು ಬರಬೇಕು. ನಾನು ಬೈಯಲಿಲ್ಲ. ಬೈಯಲು ಹೋಗಿ ಒಂದು ಸಲ ನಾನೇ ಆ ಸೀಟಿಗೆ ಕೈಮುಗಿದು ಬಂದಿದ್ದೆ. ನೀನು ತವರಿಗೆ ಹೋದ ಮೇಲೆ ಕಲ್ಲುಸಕ್ಕರೆಗೆ ಇರುವೆ ಹತ್ತಿತು. ಪ್ಲಾಸ್ಟಿಕ್ಕಿನ ಒಳಗೆ ತೀರ್ಥದ ನೀರು ಇಳಿದು ಬೂಷ್ಟು ಬಂದು ಕಮಟು ವಾಸನೆ. ಅವಳು ಅದಕ್ಕೂ ಊದಿನಕಡ್ಡಿ ಹಚ್ಚಿಟ್ಟಳು.

ಸೋಮವಾರ ನಿನ್ನ ತಂದೆ ಅತ್ತ ಹೋದರೋ ಇಲ್ಲವೋ, ಇತ್ತ ಫೋನು ಬಂತು. ಹೂಟಗಳ್ಳಿಯಲ್ಲಿ ಸೀಟ್ ಕವರ್ ಹೊಲಿಯುವ ಹುಚ್ಚಯ್ಯ ಅಂತೆ. "ಏನ್ ಸಾರ್, ಶಿವು ಅವ್ರು ಸೀಟ್ ಕವರ್ ಹೊಲ್ಸಿ ಅಡ್ರೆಸ್ಸೇ ಇಲ್ವಲ್ಲ! ಅವ್ರ ಮೊಬೈಲ್ಗೆ ಮಾಡಿ ಮಾಡಿ ಸಾಕಾಯ್ತು, ಈಗ ಹಳೇ ಬಿಲ್ ಬುಕ್ಕಲ್ಲಿ ಈ ನಂಬರ್ ಸಿಕ್ತು. ಗಾಡಿ ಬಂದ್ ತಕ್ಷಣ ಬತ್ತೀನಿ ಅಂದಿದ್ರು" ಎಂದು ಒಂದೇ ಉಸಿರಿಗೆ ದಬಾಯಿಸಿದ. ಅವನಿಗೆ ಗೊತ್ತೇ ಇರಲಿಲ್ಲ. ನಮ್ಮ ಮಗ ಹೋದದ್ದು ಗೊತ್ತಿಲ್ಲದ ಒಬ್ಬ ಮನುಷ್ಯ ಈ ಮೈಸೂರಲ್ಲಿ ಇನ್ನೂ ಇದ್ದ ಕಣಮ್ಮ. ಅವನ ಲೆಕ್ಕದಲ್ಲಿ ಶಿವು ಇಷ್ಟು ದಿನವೂ ಎಲ್ಲೋ ತಿರುಗಾಡಿಕೊಂಡು, ಮಾತು ತಪ್ಪಿಸಿಕೊಂಡು, ಚೆನ್ನಾಗಿಯೇ ಇದ್ದ. ಅವನಿಗೆ ಹೇಳದೆ ಫೋನ್ ಇಟ್ಟುಬಿಡೋಣ ಅನ್ನಿಸಿತು. ಹೇಳಿದೆ. ಆ ಕಡೆ ಬರೀ ಮೆಷಿನ್ನಿನ ಸದ್ದು ಕೇಳಿತು, ಆಮೇಲೆ ಅದೂ ನಿಂತಿತು. "ತಂದ್ಬುಡಿ ಸಾರ್ ಗಾಡೀನ, ನಾನೇ ಹಾಕ್ಕೊಡ್ತೀನಿ. ಮಗೂನೂ ಕರ್ಕಂಬನ್ನಿ, ಬೆಲ್ಟಿನ ಅಳತೆ ನೋಡ್ಬೇಕು" ಎಂದ. ಮಗು ಏಕೆ, ಬೆಲ್ಟು ಯಾವುದು ಎಂದು ನನಗೆ ಆಗ ಹೊಳೆಯಲಿಲ್ಲ, ಕೇಳುವ ಶಕ್ತಿಯೂ ಇರಲಿಲ್ಲ. ನಿಮ್ಮತ್ತೆಗೆ ಹಾಗೇ ಹೇಳಿದೆ. ಅವಳದು ಆವತ್ತು ನಿನ್ನ ತಂದೆ ಹೋದಾಗಿನಿಂದ ಒಂದೇ ಪಟ್ಟು: "ಮಗನ್ನ ಕಳ್ಕಂಡಿವ್ನಿ, ಮಗೂನೂ ಕೊಡ್ಬೇಕಾ? ಧನು ಇಲ್ಲೇ ಬೆಳೀಬೇಕು. ಬರೀರಿ ಹಂಗೇ." ನಾನೂ ಹಾಗೇ ಬರೆಯಬೇಕು ಎಂದುಕೊಂಡಿದ್ದೆ, ನಿನ್ನ ಹತ್ತಿರ ಮುಚ್ಚುಮರೆ ಏನು.

ನಿನ್ನೆ ಬೆಳಿಗ್ಗೆ ದಿಲೀಪ್ ಗಾಡಿ ತೆಗೆದ. ನಿಮ್ಮತ್ತೆ ತಾನೂ ಬರುತ್ತೇನೆ, ತಾನಿಲ್ಲದೆ ಆ ಸೀಟನ್ನು ಯಾರೂ ಮುಟ್ಟಕೂಡದು ಎಂದಳು. ಕಂಕುಳಲ್ಲಿ ಏನೋ ಗಂಟು. ನೋಡಿದರೆ ಧನುವಿನ ಹಳೆಯ ಹಳದಿ ಫ್ರಾಕಿನಲ್ಲಿ ಸುತ್ತಿದ ಗುಂಡುಕಲ್ಲು! ಧನುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕಿದ ದಿನ, ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿ ತೂಗಿದೆವಲ್ಲ, ಅದೇ ಕಲ್ಲು. "ಮಗು ಬೇಕು ಅಂದ್ನಲ್ಲ ಅವ್ನು. ಎಲ್ಲಿಂದ ತರ್ಲಿ? ಇದುನ್ನೇ ಕೂರುಸ್ಲಿ" ಎಂದಳು. ದಿಲೀಪ್ ಮುಖ ಆ ಕಡೆ ತಿರುಗಿಸಿಕೊಂಡ.

ಹುಚ್ಚಯ್ಯ ಬಾಯಿಬಡುಕ ಎಂದುಕೊಂಡಿದ್ದೆ, ನಿನ್ನೆ ಅವನು ಕೈಮುಗಿದು ನೇರ ಕೆಲಸಕ್ಕೆ ಇಳಿದ. ಬ್ಲೇಡು ತೆಗೆದು ಡ್ರೈವರ್ ಸೀಟಿನ ಪ್ಲಾಸ್ಟಿಕ್ಕನ್ನು ಮೇಲಿನಿಂದ ಸೀಳಲು ಹೊರಟ. "ಏ, ನಿಧಾನ ಕಣಯ್ಯ, ನೋವಾಯ್ತದೆ" ಎಂದಳು ನಿಮ್ಮತ್ತೆ. ಅವನು ನಗಲಿಲ್ಲ. ಬ್ಲೇಡು ಕೆಳಗಿಟ್ಟು ಕೈಯಲ್ಲೇ ಮೆಲ್ಲಗೆ ಅಂಚು ಬಿಡಿಸಿ ತೆಗೆದ. ಬೂಷ್ಟು ಒರೆಸಿ ಬಿಸಿಲಿಗೆ ಒಣಗಿಸಿದ. ಆಮೇಲೆ ಒಳಗಿಂದ ಗಂಟು ತಂದು ಬಿಚ್ಚಿದ. ಅದನ್ನು ನೀನು ನೋಡಬೇಕಾಗಿತ್ತು, ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ. ಡ್ರೈವರ್ ಸೀಟಿಗೆ ಕಂದು ಬಣ್ಣದ ರೆಕ್ಸಿನ್, ಕೆಂಪು ಅಂಚು. ನಿನಗೆ ಜ್ಞಾಪಕ ಇದೆಯಾ, ಈ ರೆಕ್ಸಿನ್ ವಿಷಯಕ್ಕೆ ನೀವಿಬ್ಬರೂ ಊಟಕ್ಕೆ ಕೂತು ಜಗಳ ಆಡಿದ್ದು? ಬಿಸಿಲಿಗೆ ಕಾದು ಸುಡುತ್ತೆ, ಬಟ್ಟೆಯದೇ ಬೇಕು ಎಂದು ನೀನು. ಬಟ್ಟೆ ಹಾಕಿಸಿದರೆ ಸಾರು ಚೆಲ್ಲಿದಾಗ ನಿಮ್ಮಪ್ಪ ಬಂದು ಒಗೀತಾರಾ ಎಂದು ಅವನು. ನೀನು ಎದ್ದು ಹೋಗಿ ತಟ್ಟೆ ಕುಕ್ಕಿದೆ. ಅವನು ಗೆದ್ದೆ ಎಂದು ನಕ್ಕ. ಗೆದ್ದಿರಲಿಲ್ಲ ಕಣಮ್ಮ. ಪಕ್ಕದ ಸೀಟಿನ ಕವರು ಬಟ್ಟೆಯದು. ಮೆತ್ತನೆಯ ಹತ್ತಿ ಬಟ್ಟೆ, ಬಿಚ್ಚಿ ಒಗೆಯಲು ಬರುವ ಹಾಗೆ ಹಿಂದೆ ಗುಂಡಿ ಇಡಿಸಿದ್ದಾನೆ. ನಿನಗೆ ಒಂದು ಮಾತು ಹೇಳಿರಲಿಲ್ಲ. ಗಾಡಿ ಬಂದ ದಿನ ತೋರಿಸಿ ನಿನ್ನ ಮುಖ ನೋಡಬೇಕು ಎಂದಿದ್ದನಂತೆ.

ಇನ್ನೊಂದು ಉಳಿದಿತ್ತು. ಎರಡು ಸೀಟಿನ ನಡುವೆ ಒಂದಿಷ್ಟು ಸಂದು ಇದೆಯಲ್ಲ, ಅಲ್ಲಿಗೆ ಒಂದು ಪುಟ್ಟ ಸೀಟು. ಕೆಳಗೆ ದಿಂಬು, ಹಿಂದೆ ಒರಗಲು ಸಣ್ಣ ಮೆತ್ತೆ, ಸೊಂಟಕ್ಕೆ ಒಂದು ಬೆಲ್ಟು. ಶಿವು ಧನುವನ್ನು ಅಳತೆಗೆ ಅಂತ ಅಂಗಡಿಗೆ ಕರೆದುಕೊಂಡು ಹೋಗಿದ್ದನಂತೆ; ಐಸ್‌ಕ್ರೀಂ ತಿನ್ನಿಸಲು ಹೋಗಿದ್ದೆವು ಎಂದು ನಮಗೆಲ್ಲ ಹೇಳಿದ್ದ ಕಳ್ಳ. ಕಂದು ರೆಕ್ಸಿನ್ನಿಗೂ ನಿನ್ನ ಬಟ್ಟೆಗೂ ಜೋಡಿಯಾಗಲಿ ಎಂದು ಅದಕ್ಕೆ ಅರ್ಧ ಅದು, ಅರ್ಧ ಇದು ಹಾಕಿಸಿದ್ದಾನೆ. ನಿಮ್ಮತ್ತೆ ಅದನ್ನು ಎದೆಗೆ ಒತ್ತಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹುಚ್ಚಯ್ಯ ಬೆಲ್ಟು ಹಿಡಿದುಕೊಂಡು, "ಆಗಿನ ಅಳತೆ ಅಮ್ಮಾ ಇದು. ಮಗು ಈಗ ಬೆಳ್ದಿರ್ತದೆ. ಸಾಲಲ್ಲ" ಎಂದ. ನಾವು ಇಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಕಣ್ಣಿಗೆ ಧನು ಇನ್ನೂ ಅವತ್ತಿನಷ್ಟೇ. ಅವನು ಪಟ್ಟಿಗೆ ಇನ್ನೊಂದು ತುಂಡು ಜೋಡಿಸಿ ಹೊಲಿದು, ಎಳೆದು ಬಿಡಲು ಬರುವ ಹಾಗೆ ಕೊಂಡಿ ಹಾಕಿಕೊಟ್ಟ.

ವಾಪಸು ಬರುವಾಗ ನಡುವಿನ ಸೀಟಿನಲ್ಲಿ ಗುಂಡುಕಲ್ಲು, ಹಳದಿ ಫ್ರಾಕು, ಸೊಂಟಕ್ಕೆ ಬೆಲ್ಟು. ನಿಮ್ಮತ್ತೆ ನಿನ್ನ ಸೀಟಿನಲ್ಲಿ. ನಾನು ಹಿಂದೆ ಪಾತ್ರೆ ಇಡುವ ಕಡೆ ನಿಂತು, ಕ್ಯಾಬಿನ್ನಿನ ಹಿಂದಿನ ಕಿಟಕಿ ತೆಗೆಸಿ ತಲೆ ತೂರಿಸಿದ್ದೆ. ಹಳ್ಳ ಬಂದಾಗಲೆಲ್ಲ ಅವಳು ಕಲ್ಲು ಬೀಳದ ಹಾಗೆ ಅಡ್ಡ ಕೈ ಹಿಡಿಯುತ್ತಿದ್ದಳು. ದಿಲೀಪ್ ಟವೆಲ್ ಹಾಸದೆ ಪೂರಾ ಕೂತಿದ್ದ, ಅವಳು ಏನೂ ಅನ್ನಲಿಲ್ಲ. ಹಿನಕಲ್ ಸಿಗ್ನಲ್‌ಗೆ ಬಂದೆವು. ಎಂಜಿನ್ ತಾನೇ ನಿಂತಿತು. ಆ ಸದ್ದಿಲ್ಲದ ಹೊತ್ತಿನಲ್ಲಿ ಅವಳು ಕಲ್ಲಿನ ಕಡೆ ನೋಡುತ್ತಲೇ, "ಏನ್ರೀ, ನಾವು ಕಲ್ಲನ್ನ ಹಿಡ್ಕಂಡು ಕೂತಿದ್ದೀವಲ್ರೀ" ಎಂದಳು. ಫ್ರಾಕಿನ ಅಂಚು ಸರಿಮಾಡಿದಳು. "ತಾಯಿಂದ ಬುಡ್ಸಿ ತಂದ್ರೂ ಹಿಂಗೇ ಆಯ್ತದೆ. ಮಗೂನ ಕೂರುಸ್ಕಂಡು ಕಲ್ಲು ಮಾಡ್ಬುಡ್ತೀವಿ. ಹೋಗ್ಲಿ ಬುಡಿ ಅದು, ಅವ್ರಮ್ಮನ ಜೊತೆ ಹೋಗ್ಲಿ" ಎಂದಳು. ಹಸಿರು ದೀಪ ಬಂತು, ಹಿಂದಿನವರು ಹಾರನ್ ಹೊಡೆದರು. ದಿಲೀಪ್ ಕಣ್ಣು ಒರೆಸಿಕೊಂಡು ಕ್ಲಚ್ ತುಳಿದ.

ಹಾಗಾಗಿ ಮಗಳೇ, ಉತ್ತರ ಇದು. ನಾವಿಬ್ಬರೂ ಮನಸಾರೆ ಒಪ್ಪಿದ್ದೇವೆ. ಧನು ನಿನ್ನ ಜೊತೆಯಲ್ಲೇ ಇರಲಿ. ಯಾವ ಹಿರಿಯರಾದರೂ ಪದ್ಧತಿ ಎಂದು ಬಾಯಿ ತೆರೆದರೆ ನನ್ನ ಹತ್ತಿರ ಕಳಿಸು, ನಾನು ನೋಡಿಕೊಳ್ಳುತ್ತೇನೆ. ಗಾಡಿಯನ್ನು ಶಿವು ನಿನ್ನ ಹೆಸರಿನಲ್ಲೇ ಬುಕ್ ಮಾಡಿದ್ದ, ಅದು ನಿನ್ನದೇ. ಅಮಾವಾಸ್ಯೆ ಕಳೆದು ಬುಧವಾರ ದಿಲೀಪ್ ತಂದುಬಿಡುತ್ತಾನೆ. ದೊಡ್ಡ ಪಾತ್ರೆಗಳು, ನಿನ್ನ ಹೊಲಿಗೆ ಮೆಷಿನ್ನು, ಧನುವಿನ ಮೂರು ಚಕ್ರದ ಸೈಕಲ್ಲು ಎಲ್ಲ ಅದರಲ್ಲೇ ಬರುತ್ತೆ. ಶಿವು ಹಟ ಹಿಡಿದು ಮಾಡಿಸಿದ ಲೈಸೆನ್ಸ್ ಇದೆಯಲ್ಲ, ಸುಮ್ಮನೆ ಕೂರಬೇಡ. ಗುಂಡ್ಲುಪೇಟೆಯ ಜನವೂ ಊಟ ಮಾಡುತ್ತಾರೆ. ಡ್ರೈವರ್ ಸೀಟಿನಲ್ಲಿ ನೀನು ಧೈರ್ಯವಾಗಿ ಕೂರು. ನಿಮ್ಮತ್ತೆಯೇ ಅದನ್ನು ಬರೆಯಲು ಹೇಳಿದಳು, ಹೇಳಿ ಅಡುಗೆಮನೆಗೆ ಹೋದವಳು ಇನ್ನೂ ಬಂದಿಲ್ಲ.

ನಿನ್ನ ತಂದೆ ತಾಯಿಗೆ ನಮ್ಮ ಶರಣಾರ್ಥಿ ತಿಳಿಸು. ಧನುವಿನ ಎರಡು ಕೆನ್ನೆಗೂ ತಾತನ ಮುತ್ತು. ನಿನ್ನ ಹೊಸ ಬಾಳಿನಲ್ಲಿ ಕಣ್ಣೀರು ಇಲ್ಲದಿರಲಿ ಎಂದು ದಿನವೂ ಲಿಂಗದ ಮುಂದೆ ಕೇಳಿಕೊಳ್ಳುತ್ತೇನೆ. ಮದುವೆಯಾದ ಮೇಲೆ ನಿನಗೆ ಬರೆಯುವ ಕಾಗದದ ಮೇಲೆ ಚಿರಂಜೀವಿ ಸೌಭಾಗ್ಯವತಿ ಎಂದು ಮತ್ತೆ ಬರೆಯುವ ಭಾಗ್ಯ ನನಗೆ ಸಿಗುತ್ತಲ್ಲ, ಅಷ್ಟು ಸಾಕು.

ಇಂತಿ ನಿನ್ನ ಮಾವ,
ಸದಾಶಿವಯ್ಯ

ಮರೆತಿದ್ದೆ: ಮರೆತಿದ್ದೆ ಅನ್ನುವುದು ಸುಳ್ಳು, ಬರೆಯಲು ಕೈ ಬಂದಿರಲಿಲ್ಲ. ದಿಲೀಪ್ ಕಾಗದ ಡಬ್ಬಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮಗುವಿಗೆ ಆ ಹುಡುಗನನ್ನು ಅಂಕಲ್ ಅನ್ನು, ಮಾಮ ಅನ್ನು ಎಂದೆಲ್ಲ ಯಾರೋ ಹೇಳಿಕೊಟ್ಟಾರು, ನೀನೂ ನಮಗೆ ನೋವಾದೀತು ಎಂದು ಸುಮ್ಮನಿದ್ದುಬಿಟ್ಟೀಯ. ಬೇಡ. ಮನೆಯಲ್ಲಿ ದಿನಾ ಕಾಣುವವನನ್ನು ಅಂಕಲ್ ಎಂದರೆ ಅವನೂ ದೂರವೇ ಉಳಿಯುತ್ತಾನೆ, ಮಗುವೂ ದೂರವೇ ಉಳಿಯುತ್ತೆ. ಶಿವುವಿನ ಫೋಟೋ ತೋರಿಸಿ ಇದು ಯಾರು ಎಂದು ದಿನವೂ ಕೇಳಿ ಮಗುವಿಗೆ ಅಳು ತರಿಸಬೇಡ. ಅವನನ್ನು ಜ್ಞಾಪಕ ಇಟ್ಟುಕೊಳ್ಳಲು ನಾವಿಬ್ಬರು ಇದ್ದೇವೆ. ಧನು ಮಹದೇವಪ್ರಸಾದರನ್ನು ಅಪ್ಪಾ ಎಂದೇ ಕರೆಯಲಿ. ಶಿವುವಿನ ಅಪ್ಪ ನಾನು ಹೇಳುತ್ತಿದ್ದೇನೆ, ಕರೆಯಲಿ.